ಹೆಸರು ಕಳಚಿಹೋದ ಎಂಟು ಫೋಟೋ: ಡೇನಿಯಲ್ ಮೊರೆಲ್ ಪ್ರಕರಣ

ಫೋಟೋ ಕಳ್ಳತನ ಅಂದಕೂಡಲೇ ನಮಗೆ ನೆನಪಾಗೋದು ಯಾರೋ ಒಬ್ಬ ಇನ್‌ಸ್ಟಾಗ್ರಾಂನಿಂದ ಚಿತ್ರ ಇಳಿಸಿಕೊಂಡು, ಕೆಳಗೆ ತನ್ನ ಹೆಸರು ಹಾಕಿಕೊಳ್ಳೋದು. ಅಂಥದ್ದು ದಿನಾ ನಡೆಯುತ್ತದೆ. ಬೈದು ಸುಮ್ಮನಾಗುತ್ತೇವೆ. ಆದರೆ ಹಾಗೆ ಕದ್ದ ಫೋಟೋವನ್ನು ಜಗತ್ತಿನ ದೊಡ್ಡ ಸುದ್ದಿ ಸಂಸ್ಥೆಯೊಂದು ಎತ್ತಿಕೊಂಡು ದೇಶದೇಶಗಳ ಪತ್ರಿಕೆಗಳಿಗೆ ಹಂಚಿದರೆ? ಕೇಳಲು ಹೋದ ಫೋಟೋಗ್ರಾಫರ್ ಮೇಲೇ ತಿರುಗಿ ಕೇಸು ಹಾಕಿದರೆ? 2010ರಲ್ಲಿ ಹೈಟಿ ದೇಶದ ಡೇನಿಯಲ್ ಮೊರೆಲ್ ಅವರಿಗೆ ಆದದ್ದು ಇದೇ.

ಆನ್‌ಲೈನ್ ಫೋಟೋಗೆ ಬೀಗ ಹಾಕೋದು ಹೇಗೆ ಅನ್ನೋದಕ್ಕೆ ಈ ಪ್ರಕರಣದಲ್ಲಿ ಉತ್ತರ ಸಿಗಲ್ಲ. ಬೀಗವೇ ಇಲ್ಲದ ಫೋಟೋ ಕೈತಪ್ಪಿ ಹೋದಮೇಲೂ ಅದರ ಒಡೆಯ ಗೆದ್ದದ್ದು ಹೇಗೆ ಅನ್ನೋದಕ್ಕೆ ಸಿಗುತ್ತದೆ. ನನಗೆ ಈ ಎರಡನೆಯದೇ ಹೆಚ್ಚು ಉಪಯೋಗದ್ದು ಅನಿಸುತ್ತದೆ. ಯಾಕೆಂದರೆ ಪರದೆ ಮೇಲೆ ಕಾಣುವ ಚಿತ್ರವನ್ನು ನಕಲು ಮಾಡದಂತೆ ಪೂರ್ತಿ ತಡೆಯೋಕೆ ಆಗಲ್ಲ. ಕಂಡಿತು ಅಂದರೆ ಅದಾಗಲೇ ನೋಡುವವರ ಫೋನಿಗೆ ಇಳಿದಾಗಿದೆ ಅಂತಲೇ ಅರ್ಥ.

ಆ ಸಂಜೆ

2010ರ ಜನವರಿ 12. ಸಂಜೆ 4 ಗಂಟೆ 53 ನಿಮಿಷಕ್ಕೆ ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪ ಆಯಿತು. ರಾಜಧಾನಿ ಪೋರ್ಟೋ ಪ್ರಿನ್ಸ್‌ನಿಂದ ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ ಅದರ ಕೇಂದ್ರ. ಅಧ್ಯಕ್ಷರ ಅರಮನೆಯೇ ಕುಸಿಯಿತು. ಸತ್ತವರ ಲೆಕ್ಕ ಲಕ್ಷ ದಾಟಿತು.

ಮೊರೆಲ್ ಆ ಹೊತ್ತಿಗೆ ನಗರದಲ್ಲೇ ಇದ್ದರು. ಅವರು ಹುಟ್ಟಿದ್ದೂ ಪೋರ್ಟೋ ಪ್ರಿನ್ಸ್‌ನಲ್ಲೇ. ಅಸೋಸಿಯೇಟೆಡ್ ಪ್ರೆಸ್‌ಗೆ ವರ್ಷಗಟ್ಟಲೆ ಚಿತ್ರ ತೆಗೆದು, ಆಮೇಲೆ ಸ್ವತಂತ್ರವಾಗಿ ಕೆಲಸ ಮಾಡುತ್ತಿದ್ದವರು. ಹೊರದೇಶದ ಫೋಟೋಗ್ರಾಫರ್‌ಗಳು ವಿಮಾನ ಹಿಡಿದು ಬಂದಿಳಿಯುವ ಮೊದಲು, ನೆಲ ನಡುಗಿದ ಗಳಿಗೆಯಿಂದಲೇ ಬೀದಿಯಲ್ಲಿ ಕ್ಯಾಮೆರಾ ಹಿಡಿದಿದ್ದ ಕೆಲವೇ ಕೆಲವು ವೃತ್ತಿಪರರಲ್ಲಿ ಅವರೊಬ್ಬರು. ಅವಶೇಷಗಳ ನಡುವೆ ಸಿಕ್ಕಿಬಿದ್ದು, ಮುಖದ ತುಂಬ ಸುಣ್ಣದ ಧೂಳು ಮೆತ್ತಿಕೊಂಡು ಮೇಲಕ್ಕೆ ನೋಡುತ್ತಿರುವ ಹೆಂಗಸಿನ ಚಿತ್ರವನ್ನು ನೀವೂ ನೋಡಿರಬಹುದು. ಅದು ಮೊರೆಲ್ ತೆಗೆದದ್ದು.

ಚಿತ್ರ ತೆಗೆದರಾಯಿತೇ, ಹೊರಗೆ ಕಳಿಸಬೇಕಲ್ಲ? ಫೋನ್ ಲೈನುಗಳು ಸತ್ತುಹೋಗಿದ್ದವು. ಮೊರೆಲ್ ಹೋಟೆಲ್ ಓಲೋಫ್ಸನ್‌ಗೆ ಹೋದರು. ಅಲ್ಲಿ ಇಂಟರ್ನೆಟ್ ಇತ್ತು. ಪರಿಚಯದವರ ಸಹಾಯದಿಂದ ಟ್ವಿಟ್ಟರ್‌ನಲ್ಲಿ 'ಫೋಟೋಮೊರೆಲ್' ಅಂತ ಒಂದು ಖಾತೆ ತೆರೆದರು. ಆಗ ಟ್ವಿಟ್ಟರ್‌ನಲ್ಲಿ ನೇರವಾಗಿ ಫೋಟೋ ಹಾಕುವ ಸೌಲಭ್ಯ ಇರಲಿಲ್ಲ. ಟ್ವಿಟ್‌ಪಿಕ್ ಅನ್ನೋ ಬೇರೆ ಸೇವೆಯಲ್ಲಿ ಚಿತ್ರ ಹಾಕಿ, ಅದರ ಕೊಂಡಿಯನ್ನು ಟ್ವೀಟ್ ಮಾಡಬೇಕಿತ್ತು. ಮೊರೆಲ್ ಅಲ್ಲಿ 13 ಫೋಟೋ ಹಾಕಿದರು. ದೊಡ್ಡ ಸೈಜಿನವು, ಅಚ್ಚಿಗೆ ಆಗುವಂಥವು. ಚಿತ್ರದ ಮೇಲೆ ವಾಟರ್‌ಮಾರ್ಕ್, ಅಂದರೆ ಹೆಸರಿನ ಅಚ್ಚು ಇಲ್ಲ, ಕಾಪಿರೈಟ್ ಗುರುತೂ ಇಲ್ಲ. ಆದರೆ ಪುಟದ ಮೇಲೆ, ಚಿತ್ರದ ಪಕ್ಕದಲ್ಲೇ 'ಮೊರೆಲ್' ಅಂತಲೂ 'ಫೋಟೋಮೊರೆಲ್ ಅವರಿಂದ' ಅಂತಲೂ ಇತ್ತು. ಈ ಎರಡು ಪುಟ್ಟ ಸಾಲುಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಇವುಗಳ ಮೇಲೆ ವಕೀಲರು ಪುಟಗಟ್ಟಲೆ ವಾದ ಮಾಡುತ್ತಾರೆ.

ಇಂಥ ಹೊತ್ತಲ್ಲಿ ವಾಟರ್‌ಮಾರ್ಕ್ ಯಾಕೆ ಹಾಕಲಿಲ್ಲ ಅಂತ ಕೇಳುವವರಿದ್ದಾರೆ. ಊರೇ ನೆಲಕ್ಕೆ ಬಿದ್ದಿರುವಾಗ, ಯಾವಾಗ ಕೈಕೊಡುತ್ತದೋ ಗೊತ್ತಿಲ್ಲದ ನೆಟ್‌ವರ್ಕಿನಲ್ಲಿ ಕೂತು ಅದನ್ನೆಲ್ಲ ಯೋಚಿಸುವವರು ಯಾರು, ಅಲ್ವಾ?

ಕೈಯಿಂದ ಕೈಗೆ

ಪಕ್ಕದ ಡೊಮಿನಿಕನ್ ರಿಪಬ್ಲಿಕ್‌ನಲ್ಲಿದ್ದ ಒಬ್ಬ ವ್ಯಕ್ತಿ ಆ ಚಿತ್ರಗಳನ್ನು ನೋಡಿದ. ನೋಡಿದ ನಿಮಿಷಗಳಲ್ಲೇ ಅವನ್ನು ಇಳಿಸಿಕೊಂಡು ತನ್ನದೇ ಟ್ವಿಟ್‌ಪಿಕ್ ಖಾತೆಗೆ ಏರಿಸಿದ. ತನ್ನ ಹತ್ತಿರ ಭೂಕಂಪದ ವಿಶೇಷ ಚಿತ್ರಗಳಿವೆ ಅಂತ ಟ್ವೀಟ್ ಮಾಡಿದ. ಕಳ್ಳತನ ಅಷ್ಟೇ. ಅದರಲ್ಲಿ ತಂತ್ರಜ್ಞಾನದ ಚಮತ್ಕಾರ ಏನೂ ಇಲ್ಲ. ಬೀಗ ಒಡೆದಿಲ್ಲ, ಪಾಸ್‌ವರ್ಡ್ ಕದ್ದಿಲ್ಲ. ಇಳಿಸಿದ, ಏರಿಸಿದ. ಆ ನಡುವೆ ಕಳಚಿ ಬಿದ್ದದ್ದು ಒಂದೇ ಒಂದು: ಪಕ್ಕದಲ್ಲಿದ್ದ ಹೆಸರು.

ಜಗತ್ತಿನ ಸುದ್ದಿಮನೆಗಳೆಲ್ಲ ಆ ಸಂಜೆ ಹೈಟಿಯ ಫೋಟೋಗಾಗಿ ಹುಡುಕಾಡುತ್ತಿದ್ದವು. ಹಲವರು ಮೊರೆಲ್ ಅವರಿಗೇ ಸಂದೇಶ ಕಳಿಸಿ ಅನುಮತಿ ಕೇಳಿದರು. ಫ್ರಾನ್ಸಿನ ಸುದ್ದಿ ಸಂಸ್ಥೆ ಎಎಫ್‌ಪಿ ಅದೇ ರಾತ್ರಿ ಆ ಚಿತ್ರಗಳಲ್ಲಿ ಎಂಟನ್ನು ಎತ್ತಿಕೊಂಡಿತು. ಆದರೆ ಮೊರೆಲ್ ಪುಟದಿಂದಲ್ಲ, ನಕಲು ಮಾಡಿದವನ ಪುಟದಿಂದ. ಕ್ರೆಡಿಟ್ಟಿನಲ್ಲೂ ಅವನದೇ ಹೆಸರು. ಎಎಫ್‌ಪಿಗೂ ಫೋಟೋ ಮಾರುವ ಅಮೆರಿಕದ ಕಂಪನಿ ಗೆಟ್ಟಿ ಇಮೇಜಸ್‌ಗೂ ಚಿತ್ರ ಹಂಚಿಕೊಳ್ಳುವ ಒಪ್ಪಂದ ಇತ್ತು. ಎಎಫ್‌ಪಿ ಹಾಕಿದ ಚಿತ್ರ ತಾನಾಗಿಯೇ ಗೆಟ್ಟಿಯ ಕಂಪ್ಯೂಟರಿಗೆ ಹರಿಯುತ್ತದೆ, ಅಲ್ಲಿಂದ ಗಿರಾಕಿಗಳಿಗೆ. ವಾಷಿಂಗ್ಟನ್ ಪೋಸ್ಟ್‌ಗೂ ಹೀಗೆ ಬಂತು, ಸಿಎನ್‌ಎನ್, ಎಬಿಸಿ, ಸಿಬಿಎಸ್ ಚಾನೆಲ್‌ಗಳೂ ಬಳಸಿದವು.

ಇಲ್ಲಿಂದ ಮುಂದೆ ಆದದ್ದನ್ನು ಸ್ವಲ್ಪ ನಿಧಾನಕ್ಕೆ ನೋಡಬೇಕು. ಕೋರ್ಟಿನಲ್ಲಿ ಎಎಫ್‌ಪಿ ಮತ್ತು ಗೆಟ್ಟಿಗೆ ಜಾಸ್ತಿ ಪೆಟ್ಟು ಬಿದ್ದದ್ದು ಮೊದಲ ರಾತ್ರಿಯ ಆತುರಕ್ಕಲ್ಲ, ಆಮೇಲಿನ ದಿನಗಳ ಉಡಾಫೆಗೆ.

ಮರುದಿನ ಬೆಳಗಾಗುವಷ್ಟರಲ್ಲಿ ಎಎಫ್‌ಪಿಗೆ ಫೋಟೋ ನಿಜವಾಗಿ ಯಾರದು ಅನ್ನೋದು ತಿಳಿಯಿತು. ಅದು ಒಂದು ತಿದ್ದುಪಡಿ ಕಳಿಸಿತು: ಫೋಟೋಗ್ರಾಫರ್ ಹೆಸರನ್ನು ಡೇನಿಯಲ್ ಮೊರೆಲ್ ಅಂತ ಬದಲಿಸಿ. ಗಮನಿಸಿ, ಚಿತ್ರ ತೆಗೆದುಹಾಕಿ ಅನ್ನಲಿಲ್ಲ. ಹೆಸರು ಬದಲಿಸಿ, ಮಾರುತ್ತಿರಿ ಅಂದ ಹಾಗಾಯಿತು. ಮೊರೆಲ್ ಅವರ ಅನುಮತಿ ಮೊದಲೂ ಇರಲಿಲ್ಲ, ಈಗಲೂ ಇಲ್ಲ.

ಗೆಟ್ಟಿಯಲ್ಲಿ ಈ ತಿದ್ದುಪಡಿಯಿಂದ ಇನ್ನೊಂದು ಗೋಜಲಾಯಿತು. ಹಳೆಯ ದಾಖಲೆ ಅಳಿಸಿ ಹೊಸದು ಬರಲಿಲ್ಲ. ಒಂದೇ ಚಿತ್ರ ಎರಡು ಹೆಸರಲ್ಲಿ ಕೂತಿತು. ಒಂದು ಕಡೆ ಮೊರೆಲ್, ಇನ್ನೊಂದು ಕಡೆ ನಕಲು ಮಾಡಿದವ. ಅಷ್ಟರಲ್ಲಿ ಮೊರೆಲ್ ಪರವಾಗಿ ಚಿತ್ರ ಮಾರುವ ಕಾರ್ಬಿಸ್ ಏಜೆನ್ಸಿ, ಇವು ನಮ್ಮ ಫೋಟೋಗ್ರಾಫರ್‌ದು ಅಂತ ಗೆಟ್ಟಿಗೆ ತಿಳಿಸಿತು. ಜನವರಿ 14ರಂದು ಎಎಫ್‌ಪಿ 'ಕಿಲ್' ಸೂಚನೆ ಕಳಿಸಿತು. ಸುದ್ದಿ ಸಂಸ್ಥೆಗಳ ಮಾತಿನಲ್ಲಿ ಹಾಗಂದರೆ ಈ ಚಿತ್ರವನ್ನು ಎಲ್ಲ ಕಡೆಯಿಂದ ತೆಗೆಯಿರಿ, ಇನ್ನು ಬಳಸಬೇಡಿ ಅಂತ. ಅದರಲ್ಲಿ ಇದ್ದದ್ದು ಎಂಟು ಚಿತ್ರ. ಗೆಟ್ಟಿ ಪಾಲಿಸಿತು. ಹೇಗೆ? ಮೊರೆಲ್ ಹೆಸರಿದ್ದವನ್ನು ತೆಗೆಯಿತು. ಕದ್ದವನ ಹೆಸರಲ್ಲಿದ್ದವು ಹಾಗೇ ಉಳಿದವು, ಫೆಬ್ರವರಿ ಬರುವ ತನಕ ಮಾರಾಟದ ಪಟ್ಟಿಯಲ್ಲೇ ಇದ್ದವು.

ಅಂದರೆ ನಿಜವಾದ ಹೆಸರಿದ್ದ ಪ್ರತಿಗಳು ಮೊದಲು ಮಾಯವಾದವು, ಸುಳ್ಳು ಹೆಸರಿನವು ಉಳಿದುಕೊಂಡವು. ಇದಕ್ಕೆ ಯಾರ ದುರುದ್ದೇಶವೂ ಬೇಕಾಗಿಲ್ಲ. ದೊಡ್ಡ ಫೋಟೋ ಭಂಡಾರದಲ್ಲಿ ಹುಡುಕೋದು ಚಿತ್ರ ನೋಡಿ ಅಲ್ಲ, ಚಿತ್ರಕ್ಕೆ ಅಂಟಿಸಿದ ಬರಹ ನೋಡಿ. ಹೆಸರು ತಪ್ಪಿದ್ದರೆ ಆ ಫೋಟೋ ಕಂಪ್ಯೂಟರಿನ ಕಣ್ಣಿಗೆ ಬೇರೆಯೇ ಫೋಟೋ. ಫೋಟೋ ಕಾಪಾಡೋದು ಅಂದರೆ ಹೆಸರು ಕಾಪಾಡೋದು ಅಂತ ನಾನು ಹೇಳೋದು ಇದಕ್ಕೇ.

ಯಾರ ಮೇಲೆ ಯಾರ ಕೇಸು

ಮೊರೆಲ್ ಪರ ವಕೀಲರು ಪರಿಹಾರ ಕೇಳಿದರು. 2010ರ ಮಾರ್ಚ್‌ನಲ್ಲಿ ಎಎಫ್‌ಪಿ ನ್ಯೂಯಾರ್ಕಿನ ಫೆಡರಲ್ ಕೋರ್ಟಿಗೆ ಹೋಯಿತು. ಮೊರೆಲ್ ಅತಿರೇಕದ ಹಕ್ಕು ಕೇಳುತ್ತಿದ್ದಾರೆ, ನಾವು ಕಾಪಿರೈಟ್ ಮುರಿದಿಲ್ಲ ಅಂತ ಘೋಷಿಸಿ ಅನ್ನೋದು ಅದರ ಕೋರಿಕೆ. ಕಳೆದುಕೊಂಡವರೇ ಪ್ರತಿವಾದಿ ಆದರು. ಅವರು ಎಎಫ್‌ಪಿ, ಗೆಟ್ಟಿ ಮತ್ತು ಚಿತ್ರ ಬಳಸಿದ ಮಾಧ್ಯಮಗಳ ಮೇಲೆ ಪ್ರತಿದಾವೆ ಹೂಡಿದರು.

ಎಎಫ್‌ಪಿ ಮುಂದಿಟ್ಟ ಮುಖ್ಯ ವಾದ ಇವತ್ತಿಗೂ ನಮ್ಮ ಕಿವಿಗೆ ಬೀಳುತ್ತಲೇ ಇರುತ್ತದೆ: ಟ್ವಿಟ್ಟರ್‌ನಲ್ಲಿ ಹಾಕಿದ ಮೇಲೆ ಅದು ಎಲ್ಲರದು. ಕೋರ್ಟಿನ ಭಾಷೆಯಲ್ಲಿ ಹೇಳೋದಾದರೆ, ಟ್ವಿಟ್ಟರ್‌ನ ಷರತ್ತುಗಳೇ ಮರುಹಂಚಿಕೆಗೆ ಪ್ರೋತ್ಸಾಹ ಕೊಡುತ್ತವೆ, ಹಾಗಾಗಿ ಅಲ್ಲಿ ಹಾಕಿದವರು ನಮಗೂ ಲೈಸೆನ್ಸ್ ಕೊಟ್ಟ ಹಾಗೆಯೇ ಅಂತ.

2010ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶ ವಿಲಿಯಂ ಪಾಲಿ ಈ ವಾದವನ್ನು ಒಪ್ಪದೆ ಪ್ರಕರಣ ಮುಂದುವರಿಯಲಿ ಅಂದರು. 2013ರ ಜನವರಿ 14ರಂದು ನ್ಯಾಯಾಧೀಶೆ ಆಲಿಸನ್ ನೇಥನ್ ಇನ್ನೂ ಬಿಡಿಸಿ ಹೇಳಿದರು. ಷರತ್ತುಗಳ ಪ್ರಕಾರ ಚಿತ್ರದ ಹಕ್ಕು ಹಾಕಿದವರದೇ. ಟ್ವಿಟ್ಟರ್‌ಗೆ ಮತ್ತು ಅದರ ಪಾಲುದಾರರಿಗೆ ಬಳಸುವ ಅನುಮತಿ ಸಿಗಬಹುದು. ಟ್ವೀಟನ್ನು ಮರುಟ್ವೀಟ್ ಮಾಡುವುದಕ್ಕೆ ಅವಕಾಶ ಇರಬಹುದು. ಅದೇ ಚಿತ್ರವನ್ನು ಅಲ್ಲಿಂದ ಕಿತ್ತುಕೊಂಡು ದುಡ್ಡಿಗೆ ಮಾರುವ ಅನುಮತಿ ದಾರಿಯಲ್ಲಿ ಹೋಗುವ ಮೂರನೆಯವರಿಗೆ ಸಿಗಲ್ಲ. ಎಎಫ್‌ಪಿ ಮತ್ತು ವಾಷಿಂಗ್ಟನ್ ಪೋಸ್ಟ್ ಕಾಪಿರೈಟ್ ಮುರಿದಿವೆ ಅಂತ ಅವರು ತೀರ್ಪಿತ್ತರು.

ಇದನ್ನು ಓದಿ 'ಹಾಗಾದರೆ ಷರತ್ತುಗಳು ಯಾವಾಗಲೂ ನಮ್ಮ ಪರವೇ' ಅಂದುಕೊಳ್ಳಬೇಡಿ. ಅದೇ ನ್ಯೂಯಾರ್ಕಿನ ಕೋರ್ಟಿನಲ್ಲಿ ಕೆಲವು ವರ್ಷದ ನಂತರ ಸ್ಟೆಫನಿ ಸಿಂಕ್ಲೇರ್ ಅನ್ನೋ ಫೋಟೋಗ್ರಾಫರ್ ಪ್ರಕರಣ ಬಂತು. ಮ್ಯಾಶಬಲ್ ಅನ್ನೋ ಸುದ್ದಿತಾಣ ಅವರ ಒಂದು ಚಿತ್ರಕ್ಕೆ 50 ಡಾಲರ್ ಕೊಡ್ತೀವಿ ಅಂದಿತು. ಅವರು ಬೇಡ ಅಂದರು. ಮ್ಯಾಶಬಲ್ ಅವರ ಇನ್‌ಸ್ಟಾಗ್ರಾಂ ಪೋಸ್ಟನ್ನೇ ತನ್ನ ಪುಟದಲ್ಲಿ ಎಂಬೆಡ್ ಮಾಡಿತು, ಅಂದರೆ ಚಿತ್ರ ಇಳಿಸಿಕೊಳ್ಳದೆ ಪೋಸ್ಟು ಇನ್‌ಸ್ಟಾಗ್ರಾಂನಿಂದಲೇ ತನ್ನ ಪುಟದಲ್ಲಿ ಕಾಣುವಂತೆ ಮಾಡಿತು. 2020ರ ಏಪ್ರಿಲ್‌ನಲ್ಲಿ ಕೋರ್ಟು, ಇನ್‌ಸ್ಟಾಗ್ರಾಂ ಷರತ್ತಿನಂತೆ ಇದು ಸರಿ ಅಂತ ಪ್ರಕರಣ ತಳ್ಳಿಹಾಕಿತು. ಜೂನ್‌ನಲ್ಲಿ ಅದೇ ನ್ಯಾಯಾಧೀಶರು ಮರುಪರಿಶೀಲಿಸಿ ಪ್ರಕರಣಕ್ಕೆ ಮತ್ತೆ ಜೀವ ಕೊಟ್ಟರು. ಇಳಿಸಿಕೊಂಡು ಮಾರೋದು ಬೇರೆ, ಎಂಬೆಡ್ ಮಾಡೋದು ಬೇರೆ. ಈ ಎರಡನೆಯದರಲ್ಲಿ ನೆಲ ಅಷ್ಟು ಗಟ್ಟಿ ಇಲ್ಲ.

ಗೆಟ್ಟಿಯ ವಾದ ಇನ್ನೊಂದು ಥರ. ನಾವು ಬರೀ ಜಾಗ ಕೊಡುವವರು, ಯೂಟ್ಯೂಬ್ ಇದ್ದ ಹಾಗೆ. ಬೇರೆಯವರು ತಂದು ಇಟ್ಟದ್ದಕ್ಕೆ ನಾವು ಹೊಣೆಯಲ್ಲ ಅಂತ. ಡಿಎಂಸಿಎ ಅನ್ನೋ ಅಮೆರಿಕದ ಡಿಜಿಟಲ್ ಕಾಪಿರೈಟ್ ಕಾಯ್ದೆಯಲ್ಲಿ ಅಂಥ ತಾಣಗಳಿಗೆ ರಕ್ಷಣೆ ಇದೆ. ಆದರೆ ಗೆಟ್ಟಿ ಲೈಸೆನ್ಸ್ ಮಾರಿ ದುಡಿಯುವ ವ್ಯಾಪಾರ. ವಿಚಾರಣೆಗೆ ಮೊದಲೇ ಆ ರಕ್ಷಣೆಯ ಹಿಂದೆ ಅಡಗಲು ಕೋರ್ಟು ಅದಕ್ಕೆ ಬಿಡಲಿಲ್ಲ.

ಪಕ್ಕದಲ್ಲಿದ್ದ ಎರಡು ಸಾಲು

ಈಗ ಟ್ವಿಟ್‌ಪಿಕ್ ಪುಟದಲ್ಲಿದ್ದ ಆ ಹೆಸರಿನ ವಿಷಯಕ್ಕೆ ಬರೋಣ. ಡಿಎಂಸಿಎ ಕಾಯ್ದೆಯಲ್ಲಿ ಇನ್ನೊಂದು ಭಾಗ ಇದೆ. ಕೃತಿಯ ಜೊತೆಗಿರುವ ಹಕ್ಕಿನ ವಿವರವನ್ನು, ಅಂದರೆ ಹೆಸರು, ಕಾಪಿರೈಟ್ ಗುರುತು ಇಂಥದ್ದನ್ನು ಗೊತ್ತಿದ್ದೂ ಅಳಿಸಿದರೆ ಅಥವಾ ಸುಳ್ಳು ಹೆಸರು ಹಾಕಿದರೆ ಅದು ಬೇರೆಯೇ ತಪ್ಪು. ಫೋಟೋ ನಕಲು ಮಾಡಿದ್ದಕ್ಕೆ ಒಂದು ಲೆಕ್ಕ, ಹೆಸರು ಕಳಚಿದ್ದಕ್ಕೆ ಇನ್ನೊಂದು ಲೆಕ್ಕ.

ಹೆಸರು ಫೋಟೋದ ಒಳಗೇ ಇರಲಿಲ್ಲವಲ್ಲ, ಪುಟದಲ್ಲಿ ಪಕ್ಕಕ್ಕಿತ್ತು, ಅದು ಹೇಗೆ ಲೆಕ್ಕಕ್ಕೆ ಬರುತ್ತದೆ ಅಂತ ಎದುರು ಪಕ್ಷ ಕೇಳಿತು. ಹೆಸರು ಚಿತ್ರದ ಮೈಮೇಲೇ ಇರಬೇಕು ಅಂತ ಕಾನೂನು ಹೇಳಲ್ಲ, ಚಿತ್ರದ ಜೊತೆ ತಲುಪಿದರೆ ಸಾಕು ಅಂದರು ನ್ಯಾಯಾಧೀಶ ಪಾಲಿ. ವಾಟರ್‌ಮಾರ್ಕ್ ಇಲ್ಲದ ಫೋಟೋವನ್ನು ಕಾದದ್ದು ಖಾತೆಯ ಹೆಸರು. ಮೊರೆಲ್ ಆ ಖಾತೆಗೆ ತಮಾಷೆಯ ಅಡ್ಡಹೆಸರು ಇಟ್ಟಿದ್ದರೆ? ಅಂದು ಸಂಜೆ ಅವಸರದಲ್ಲಿ ತಮ್ಮ ಹೆಸರನ್ನೇ ಇಟ್ಟದ್ದು ಅವರಿಗೆ ದೊಡ್ಡ ಉಪಕಾರವಾಯಿತು.

ಫೋಟೋ ಹಾಕುವ ಎಷ್ಟೋ ಮಂದಿಯ ಖಾತೆ ಹೆಸರು 'ವೈಲ್ಡ್ ಕ್ಲಿಕ್ಸ್', 'ಮಲ್ನಾಡ್ ಹುಡ್ಗ' ಥರ ಇರುತ್ತದೆ. ಇರಲಿ, ಚೆನ್ನಾಗಿಯೇ ಇದೆ. ಜೊತೆಗೆ ಪೂರ್ತಿ ಹೆಸರೂ ಪುಟದಲ್ಲಿ ಇರಬೇಕು, ಪ್ರತಿ ಫೋಟೋದ ಅಡಿಬರಹದಲ್ಲೂ ಇರಬೇಕು.

ದುಡ್ಡಿನ ಲೆಕ್ಕ

ವಾಷಿಂಗ್ಟನ್ ಪೋಸ್ಟ್ ಮತ್ತು ಟಿವಿ ಚಾನೆಲ್‌ಗಳು ರಾಜಿ ಮಾಡಿಕೊಂಡು ಹೊರಬಂದವು. 2013ರ ನವೆಂಬರ್‌ನಲ್ಲಿ ಎಎಫ್‌ಪಿ ಮತ್ತು ಗೆಟ್ಟಿ ಜ್ಯೂರಿ ಮುಂದೆ, ಅಂದರೆ ತೀರ್ಪು ಹೇಳಲು ಆರಿಸಿದ ಸಾಮಾನ್ಯ ನಾಗರಿಕರ ಮುಂದೆ, ನಿಂತವು. ತಪ್ಪು ಆಗಿದೆ ಅನ್ನೋದರ ಬಗ್ಗೆ ಆಗ ಜಗಳ ಇರಲಿಲ್ಲ. ಬೇಕೆಂದೇ ಮಾಡಿದ್ದೋ, ಅರಿಯದೆ ಆದದ್ದೋ ಅನ್ನೋದಷ್ಟೇ ಪ್ರಶ್ನೆ. ನವೆಂಬರ್ 22ರಂದು ಜ್ಯೂರಿ ಬೇಕೆಂದೇ ಅಂತ ಹೇಳಿತು. ಕಾಪಿರೈಟ್ ಲೆಕ್ಕದಲ್ಲಿ 12 ಲಕ್ಷ ಡಾಲರ್, ಹೆಸರಿನ ಲೆಕ್ಕದಲ್ಲಿ 20 ಸಾವಿರ ಡಾಲರ್.

12 ಲಕ್ಷ ಹೇಗೆ ಬಂತು? ಅಮೆರಿಕದಲ್ಲಿ ಎರಡು ಥರದ ಪರಿಹಾರ ಇದೆ. ಒಂದು, ನಿಜವಾಗಿ ಆದ ನಷ್ಟ ಮತ್ತು ಎದುರಿನವರು ಮಾಡಿಕೊಂಡ ಲಾಭ. ಇದನ್ನು ಜ್ಯೂರಿ ಸುಮಾರು 3 ಲಕ್ಷ 3 ಸಾವಿರ ಡಾಲರ್ ಅಂತ ಹಾಕಿತು. ಇನ್ನೊಂದು, ಕಾನೂನಿನಲ್ಲೇ ಬರೆದಿಟ್ಟ ಮೊತ್ತ. ಅದಕ್ಕೆ ನಷ್ಟ ಲೆಕ್ಕ ಹಾಕಿ ತೋರಿಸಬೇಕಾಗಿಲ್ಲ. ಸಾಮಾನ್ಯವಾಗಿ ಒಂದು ಕೃತಿಗೆ 750ರಿಂದ 30,000 ಡಾಲರ್. ಬೇಕೆಂದೇ ಮಾಡಿದ್ದರೆ 1,50,000 ತನಕ. ಎಂಟು ಫೋಟೋಗೆ ಜ್ಯೂರಿ ಮೇಲಿನ ಮಿತಿಯನ್ನೇ ಕೊಟ್ಟಿತು. ಎಂಟು ಒಂದೂವರೆ ಲಕ್ಷ, 12 ಲಕ್ಷ. ನಿಜವಾದ ನಷ್ಟದ ಸುಮಾರು ನಾಲ್ಕು ಪಟ್ಟು.

ಆದರೆ ಈ ಎರಡನೇ ಬಾಗಿಲು ಎಲ್ಲರಿಗೂ ತೆರೆದಿರಲ್ಲ. ಫೋಟೋ ಕದಿಯುವ ಮೊದಲೇ, ಇಲ್ಲವೇ ಪ್ರಕಟವಾದ ಮೂರು ತಿಂಗಳೊಳಗೆ ಅಮೆರಿಕದ ಕಾಪಿರೈಟ್ ಕಚೇರಿಯಲ್ಲಿ ನೋಂದಣಿ ಆಗಿರಬೇಕು. ತಡಮಾಡಿದವರಿಗೆ ಸಿಗೋದು ನಿಜವಾದ ನಷ್ಟ ಮಾತ್ರ. ವಕೀಲರ ಖರ್ಚನ್ನು ಎದುರಿನವರಿಂದ ಕೇಳುವ ಹಕ್ಕೂ ಇರಲ್ಲ. ಎಷ್ಟೋ ಜನ ಅಲ್ಲೇ ಕೈಚೆಲ್ಲುತ್ತಾರೆ, ಯಾಕೆಂದರೆ ಒಂದು ಫೋಟೋದ ಲೈಸೆನ್ಸ್ ಬೆಲೆ ಕೆಲವು ನೂರು ಡಾಲರ್ ಆಗಿದ್ದರೆ ವಕೀಲರ ಬಿಲ್ಲು ಅದರ ಎಷ್ಟೋ ಪಟ್ಟು. ಮೊರೆಲ್ ಪ್ರಕರಣದಲ್ಲಿ ತಾಂತ್ರಿಕ ರಕ್ಷಣೆಗಿಂತ ಈ ಒಣ ಕಾಗದದ ಕೆಲಸ ಹೆಚ್ಚು ದುಡ್ಡು ತಂದಿತು.

ಮೊರೆಲ್ ಕೇಳಿದ್ದೆಲ್ಲವೂ ಸಿಗಲಿಲ್ಲ. ಎಎಫ್‌ಪಿ, ಗೆಟ್ಟಿಯಿಂದ ಚಿತ್ರ ಪಡೆದ ಒಬ್ಬೊಬ್ಬ ಗಿರಾಕಿಯನ್ನೂ ಬೇರೆ ಬೇರೆ ಲೆಕ್ಕ ಹಿಡಿಯಬೇಕು ಅಂತ ಅವರು ವಾದಿಸಿದ್ದರು. ಹಾಗಾಗಿದ್ದರೆ ಮೊತ್ತ ಕೋಟಿಗಟ್ಟಲೆ ಡಾಲರಿಗೆ ಏರುತ್ತಿತ್ತು. ನೇಥನ್ ಒಪ್ಪಲಿಲ್ಲ. ಒಂದು ಫೋಟೋಗೆ ಒಂದೇ ಪರಿಹಾರ ಅಂದರು. ಇತ್ತ ಎಎಫ್‌ಪಿ ಮತ್ತು ಗೆಟ್ಟಿ 12 ಲಕ್ಷ ತುಂಬ ಜಾಸ್ತಿ ಅಂತ ಮತ್ತೆ ಕೋರ್ಟು ಹತ್ತಿದವು. 2014ರ ಆಗಸ್ಟ್‌ನಲ್ಲಿ ಆ ಮೊತ್ತವನ್ನು ಕೋರ್ಟು ಎತ್ತಿಹಿಡಿಯಿತು. ಭೂಕಂಪ ಆಗಿ ಅಷ್ಟು ಹೊತ್ತಿಗೆ ನಾಲ್ಕೂವರೆ ವರ್ಷ. ಅದೇ ವರ್ಷ ಅಕ್ಟೋಬರ್‌ನಲ್ಲಿ ಟ್ವಿಟ್‌ಪಿಕ್ ಬಾಗಿಲು ಹಾಕಿತು. ನಿಮ್ಮ ಚಿತ್ರದ ಪುರಾವೆ ಬೇರೆಯವರ ಸರ್ವರ್‌ನಲ್ಲಿ ಮಾತ್ರ ಇದ್ದರೆ ಯಾವ ಗತಿ ಬರಬಹುದು, ನೋಡಿ.

ಮುನ್ನೆಚ್ಚರಿಕೆ ಏನು ಮಾಡಬಹುದಿತ್ತು

ವಾಟರ್‌ಮಾರ್ಕ್ ಇದ್ದಿದ್ದರೆ ಕದಿಯುತ್ತಿರಲಿಲ್ಲವೇ? ಕದ್ದವ ಬಹುಶಃ ಮೂಲೆ ಕತ್ತರಿಸಿ ಹಾಕುತ್ತಿದ್ದ. ಚಿತ್ರದ ನಡುವೆ ದೊಡ್ಡದಾಗಿ ಹಾಕಿದ್ದರೆ ಸುದ್ದಿಮನೆಯಲ್ಲಿ ಯಾರೂ ಬಳಸಲಾಗದು, ಆದರೆ ನೋಡುವವರಿಗೂ ಚಿತ್ರ ಕೆಟ್ಟಿತು. 2017ರಲ್ಲಿ ಗೂಗಲ್‌ನ ಸಂಶೋಧಕರು ಇನ್ನೊಂದು ವಿಷಯ ತೋರಿಸಿದರು. ನೂರಾರು ಫೋಟೋ ಮೇಲೆ ಒಂದೇ ವಾಟರ್‌ಮಾರ್ಕ್ ಒಂದೇ ರೀತಿ ಕೂತಿದ್ದರೆ ಕಂಪ್ಯೂಟರ್ ಅದರ ಆಕಾರ ಕಲಿತು ತಾನಾಗಿಯೇ ಅಳಿಸಬಲ್ಲದು. ಪ್ರತಿ ಫೋಟೋದಲ್ಲೂ ಗುರುತಿನ ಆಕಾರ ಸ್ವಲ್ಪ ಸ್ವಲ್ಪ ಸೊಟ್ಟ ಮಾಡಿದರೆ ಅಳಿಸೋದು ಕಷ್ಟ. ಈಗಿನ ಎಐ ಉಪಕರಣಗಳ ಮುಂದೆ ಅದೂ ಎಷ್ಟು ದಿನ ನಿಲ್ಲುತ್ತದೋ.

ಆದರೂ ನಾನು ವಾಟರ್‌ಮಾರ್ಕ್ ಬೇಡ ಅನ್ನಲ್ಲ. ಅದರ ಕೆಲಸ ಕಳ್ಳನನ್ನು ತಡೆಯೋದಲ್ಲ, ಮೂರನೆಯವರನ್ನು ಒಂದು ಕ್ಷಣ ನಿಲ್ಲಿಸೋದು. ಆ ರಾತ್ರಿ ಸಂಪಾದಕರ ಪರದೆ ಮೇಲೆ ಬೇರೊಬ್ಬರ ಖಾತೆಯಲ್ಲಿ 'ಮೊರೆಲ್' ಅಂತ ಬರೆದ ಚಿತ್ರ ಕಂಡಿದ್ದರೆ ಪ್ರಶ್ನೆ ಏಳುತ್ತಿತ್ತು. ಗುರುತು ಅಳಿಸಿದ ಕಲೆ ಕಂಡಿದ್ದರೂ ಏಳುತ್ತಿತ್ತು. ಅಳಿಸಿದ್ದು ಕೋರ್ಟಿನಲ್ಲಿ ದುರುದ್ದೇಶಕ್ಕೆ ಸಾಕ್ಷಿಯೂ ಆಗುತ್ತದೆ.

ಸೈಜು ಚಿಕ್ಕದು ಮಾಡೋದು ಇದಕ್ಕಿಂತ ಸರಳ, ಇದಕ್ಕಿಂತ ಗಟ್ಟಿ. ಉದ್ದದ ಬದಿ 1,200 ಪಿಕ್ಸೆಲ್ ಇರುವ ಚಿತ್ರ ಫೋನಿನಲ್ಲಿ ಚೆನ್ನಾಗಿ ಕಾಣುತ್ತದೆ. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, ಅಚ್ಚು ಹಾಕಿದರೆ ನಾಲ್ಕು ಇಂಚು. ಪತ್ರಿಕೆಯ ಮುಖಪುಟಕ್ಕೆ, ಫ್ಲೆಕ್ಸ್ ಬ್ಯಾನರಿಗೆ ಅದು ಸಾಲದು. ಪೂರ್ತಿ ಸೈಜಿನ ಫೈಲ್ ನಿಮ್ಮ ಹತ್ತಿರ ಮಾತ್ರ ಇದ್ದರೆ ಅದೇ ಒಂದು ಪುರಾವೆ. ಕ್ಯಾಮೆರಾದ ಕಚ್ಚಾ ರೂಪದ 'ರಾ' ಫೈಲ್ ಇದ್ದರಂತೂ ಇನ್ನೂ ಒಳ್ಳೆಯದು. ಕದ್ದವನು ಅದನ್ನು ಎಲ್ಲಿಂದ ತರುತ್ತಾನೆ?

ಮೆಟಾಡೇಟಾದಲ್ಲಿ, ಅಂದರೆ ಫೈಲಿನ ಒಳಗೇ ಕೂರುವ ವಿವರದಲ್ಲಿ, ಹೆಸರು, ಕಾಪಿರೈಟ್ ಸಾಲು ತುಂಬಿಸಿಡಿ. ಹಲವು ಕ್ಯಾಮೆರಾಗಳ ಮೆನುವಿನಲ್ಲೇ ಅದಕ್ಕೆ ಜಾಗ ಇದೆ, ಒಮ್ಮೆ ಬರೆದಿಟ್ಟರೆ ಪ್ರತಿ ಚಿತ್ರಕ್ಕೂ ತಾನೇ ಕೂರುತ್ತದೆ. ತೊಂದರೆ ಏನೆಂದರೆ ಸಾಮಾಜಿಕ ಜಾಲತಾಣಗಳಲ್ಲಿ ಚಿತ್ರ ಏರಿಸುವಾಗ ಅದು ಅಳಿದುಹೋಗುವುದೇ ಹೆಚ್ಚು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಕುಗ್ಗಿಹೋಗಿ, ಮೆಟಾಡೇಟಾ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಉಳಿಯುತ್ತದೆ. ಸ್ಟುಡಿಯೋದವರು ಗಿರಾಕಿಗೆ, ಪತ್ರಿಕೆಗೆ ಚಿತ್ರ ಕಳಿಸುವಾಗ ಇದೊಂದು ಅಭ್ಯಾಸ ಮಾಡಿಕೊಂಡರೆ ಸಾಕು. ಅಡೋಬಿ, ಮೈಕ್ರೋಸಾಫ್ಟ್, ಬಿಬಿಸಿ ಮುಂತಾದವು ಸೇರಿ 2021ರಲ್ಲಿ ಸಿ2ಪಿಎ ಅನ್ನೋ ಮಾನದಂಡ ಶುರು ಮಾಡಿವೆ. ಚಿತ್ರದ ಮೂಲ ಯಾವುದು, ಏನೇನು ತಿದ್ದಲಾಗಿದೆ ಅನ್ನೋದನ್ನು ಡಿಜಿಟಲ್ ಸಹಿಯೊಂದಿಗೆ ಫೈಲಿನಲ್ಲೇ ಕೂರಿಸುವ ವ್ಯವಸ್ಥೆ. ತಾಣಗಳು ಅದನ್ನು ಅಳಿಸದೆ ತೋರಿಸಿದರೆ ಮಾತ್ರ ಉಪಯೋಗ.

ರೈಟ್ ಕ್ಲಿಕ್ ಬಂದ್ ಮಾಡೋದರ ಬಗ್ಗೆ ಹೇಳಲು ಏನೂ ಇಲ್ಲ. ಸ್ಕ್ರೀನ್‌ಶಾಟ್ ಮುಂದೆ ಅದು ಲೆಕ್ಕಕ್ಕೇ ಬರಲ್ಲ.

ಇದೇ ನಮ್ಮಲ್ಲಿ ಆಗಿದ್ದರೆ

ಜೋಗದ ಮಳೆಗಾಲದ ಚಿತ್ರವೋ ಕಬಿನಿಯ ಹುಲಿಯ ಚಿತ್ರವೋ ಹೆಸರಿಲ್ಲದೆ ಸಾವಿರ ಗುಂಪು ಸುತ್ತಿ, ಕೊನೆಗೆ ಯಾವುದೋ ರೆಸಾರ್ಟಿನ ಫ್ಲೆಕ್ಸ್ ಮೇಲೆ ಬಂದು ನಿಲ್ಲುತ್ತದೆ ಅಂತಿಟ್ಟುಕೊಳ್ಳಿ. ನಮ್ಮಲ್ಲಿರೋದು 1957ರ ಕಾಪಿರೈಟ್ ಕಾಯ್ದೆ. ಫೋಟೋ ತೆಗೆದ ಗಳಿಗೆಯಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯ ಅಲ್ಲ. 2012ರ ತಿದ್ದುಪಡಿಯ ನಂತರ ಅವಧಿ ತೆಗೆದವರ ಜೀವಿತಾವಧಿ, ಅದರ ಮೇಲೆ 60 ವರ್ಷ. ನೋಂದಣಿ ಬೇಕಿದ್ದರೆ ಕಲಾಕೃತಿಯ ಲೆಕ್ಕದಲ್ಲಿ ಶುಲ್ಕ 500 ರೂಪಾಯಿ. ಅಮೆರಿಕದ ಹಾಗೆ ಕಾನೂನಿನಲ್ಲೇ ಬರೆದಿಟ್ಟ ದೊಡ್ಡ ಮೊತ್ತ ನಮ್ಮಲ್ಲಿ ಇಲ್ಲ. ನಷ್ಟವನ್ನು ಕೋರ್ಟಿಗೆ ತೋರಿಸಿಕೊಡಬೇಕು. ಕ್ರಿಮಿನಲ್ ಕೇಸು ಸಾಬೀತಾದರೆ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಅಂತ 63ನೇ ಸೆಕ್ಷನ್ ಹೇಳುತ್ತದೆ.

ಹೆಸರಿನ ವಿಷಯದಲ್ಲಿ ನಮ್ಮ ಕಾಯ್ದೆಯೂ ಗಟ್ಟಿಯಾಗಿಯೇ ಇದೆ. ಪ್ರಕಟವಾದ ಪ್ರತಿಯ ಮೇಲೆ ಯಾರ ಹೆಸರು ಕರ್ತೃ ಅಂತ ಇದೆಯೋ, ಬೇರೆ ಸಾಬೀತಾಗುವ ತನಕ ಅವರೇ ಕರ್ತೃ ಅಂತ ಕೋರ್ಟು ಭಾವಿಸಬೇಕು. ಇದು 55ನೇ ಸೆಕ್ಷನ್. ಹಕ್ಕಿನ ವಿವರವನ್ನು ಗೊತ್ತಿದ್ದೂ ಅಳಿಸಿದರೆ 65ಬಿ ಪ್ರಕಾರ ಎರಡು ವರ್ಷದ ತನಕ ಜೈಲು, ದಂಡ. 57ನೇ ಸೆಕ್ಷನ್‌ನಲ್ಲಿ ಇದು ನನ್ನ ಕೃತಿ ಅಂತ ಹೇಳಿಕೊಳ್ಳುವ ಹಕ್ಕಿದೆ. ಫೋಟೋದ ಕಾಪಿರೈಟನ್ನು ಮಾರಿದ ಮೇಲೂ ಅದು ಉಳಿಯುತ್ತದೆ.

ಮದುವೆ ಫೋಟೋಗ್ರಾಫರ್‌ಗಳು ಮಾತ್ರ ಒಂದು ಕಡೆ ಎಚ್ಚರ ಇರಬೇಕು. ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಒಡೆತನ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದೇ. 17ನೇ ಸೆಕ್ಷನ್ ಹೀಗೇ ಹೇಳುತ್ತದೆ. ಆಲ್ಬಂನ ಚಿತ್ರವನ್ನು ಬೇರೆ ಸ್ಟುಡಿಯೋದವನು ಕದ್ದು ತನ್ನ ಜಾಹೀರಾತಿಗೆ ಹಾಕಿಕೊಂಡರೆ, ನೀವು ಕಾಪಿರೈಟ್ ಕೇಸು ಹಾಕಲು ಹೋದಾಗ ಮೊದಲ ಪ್ರಶ್ನೆ ಇದೇ ಬರುತ್ತದೆ. ಬುಕಿಂಗ್ ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸೋದಕ್ಕಿಂತ, ಹಕ್ಕು ಯಾರದು ಅಂತ ಒಂದು ಹಾಳೆಯಲ್ಲಿ ನೇರವಾಗಿ ಬರೆದು ಎರಡೂ ಕಡೆ ಸಹಿ ಹಾಕಿಸಿಕೊಳ್ಳೋದು ಮೇಲು.

ಕದ್ದ ಫೋಟೋ ಕಂಡ ತಕ್ಷಣ ಜಗಳಕ್ಕೆ ಇಳಿಯಬೇಡಿ. ಬೈದರೆ ಅವರು ಅಳಿಸುತ್ತಾರೆ, ಪುರಾವೆ ಹೋಗುತ್ತದೆ. ಮೊದಲು ಪುಟದ ವಿಳಾಸ, ದಿನಾಂಕ, ಖಾತೆ ಹೆಸರು ಕಾಣುವ ಹಾಗೆ ಪೂರ್ತಿ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಗೂಗಲ್ ಲೆನ್ಸ್‌ನಲ್ಲೋ ಟಿನ್‌ಐನಲ್ಲೋ ಚಿತ್ರ ಹಾಕಿ ಬೇರೆಲ್ಲಿ ಹರಡಿದೆ ನೋಡಿ. ಕೋರ್ಟಿಗೆ ಹೋದರೆ ಈ ಡಿಜಿಟಲ್ ಪ್ರತಿಗಳ ಜೊತೆ ಪ್ರಮಾಣಪತ್ರ ಕೊಡಬೇಕು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ನಮೂನೆಯಲ್ಲಿ ಫೈಲಿನ ಹ್ಯಾಶ್ ಸಂಖ್ಯೆಗೂ (ಫೈಲ್ ಚೂರು ಬದಲಾದರೂ ಬದಲಾಗುವ ಗುರುತಿನ ಸಂಖ್ಯೆ) ಜಾಗ ಇದೆ. ಹಾಗಾಗಿ ತೆಗೆದ ಸ್ಕ್ರೀನ್‌ಶಾಟನ್ನು ಕತ್ತರಿಸಿ, ಬಾಣ ಬಿಡಿಸಿ ಕೆಡಿಸಬೇಡಿ, ಮೂಲ ಫೈಲ್ ಹಾಗೇ ಇರಲಿ.

ಆಮೇಲೆ ತಾಣಕ್ಕೆ ಲಿಖಿತ ದೂರು. ಇದು ನನ್ನ ಕೃತಿ, ಇಂಥ ವಿಳಾಸದಲ್ಲಿ ಅನುಮತಿ ಇಲ್ಲದೆ ಇದೆ, ತಡೆಯಿರಿ ಅಂತ. 2013ರ ಕಾಪಿರೈಟ್ ನಿಯಮಗಳ ಪ್ರಕಾರ ದೂರು ಸರಿ ಅನಿಸಿದರೆ ತಾಣದವರು 36 ಗಂಟೆಯೊಳಗೆ ಅದನ್ನು ಜನರಿಗೆ ಕಾಣದಂತೆ ಮಾಡಬೇಕು. ಈ ತಡೆ 21 ದಿನದ್ದು ಮಾತ್ರ. ಅಷ್ಟರೊಳಗೆ ನೀವು ಕೋರ್ಟಿನಿಂದ ಆದೇಶ ತಂದು ಕೊಡದಿದ್ದರೆ ಅವರು ಫೋಟೋವನ್ನು ಮತ್ತೆ ಹಾಕಬಹುದು. ದೂರು ಕಳಿಸುವ ದಿನವೇ ವಕೀಲರ ಹತ್ತಿರವೂ ಮಾತಾಡಿಟ್ಟಿರಿ.